ಕುಡಿತ ಬಿಡಬೇಕು, ಮೀಟಿಂಗ್ ಎಲ್ಲಿದೆ?

ಹೋದ ತಿಂಗಳು ಒಬ್ಬರಿಗೆ ಉತ್ತರ ಬರೆಯುವಾಗ "ಎಎ ಮೀಟಿಂಗ್‌ಗೆ ಹೋಗಿ ನೋಡಿ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಅದು ಸಾಲಲಿಲ್ಲ. ಎಎ ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವ ಗುಂಪು. ಅದು ಎಲ್ಲಿ ಸಿಗುತ್ತದೆ, ಹೋದರೆ ಏನು ಕೇಳುತ್ತಾರೆ, ದುಡ್ಡೆಷ್ಟು ಅಂತ ಕೇಳಿ ಪತ್ರಗಳ ಮೇಲೆ ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಈ ಅಂಕಣಕ್ಕೆ ನಿಮ್ಮ ಹೆಸರು ಯಾಕೆ ಹಾಕುವುದಿಲ್ಲ ಅಂತಲೂ ಕೆಲವರು ಕೇಳಿದ್ದೀರಿ. ನಾನೂ ಕುಡಿತ ಬಿಟ್ಟವನು, ಈಗಲೂ ಮೀಟಿಂಗ್‌ಗೆ ಹೋಗುತ್ತೇನೆ. ಎಎ ಸದಸ್ಯರು ಅಂತ ಪತ್ರಿಕೆಯಲ್ಲಿ ಹೆಸರು, ಫೋಟೊ ಹಾಕಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ಪ್ರಶ್ನೆ: ನಾನು ಹೈಸ್ಕೂಲ್ ಮೇಷ್ಟ್ರು. ವಯಸ್ಸು 43. ದಿನಾ ಒಂದು ಕ್ವಾರ್ಟರ್ ಇಲ್ಲದೆ ನಿದ್ದೆ ಬರುವುದಿಲ್ಲ ಅನ್ನುವ ಸ್ಥಿತಿಗೆ ಬಂದಿದ್ದೇನೆ. ಊರಲ್ಲಿ ಯಾರಾದರೂ ನೋಡಿಬಿಟ್ಟಾರು ಅಂತ ಮೂವತ್ತು ಕಿಲೋಮೀಟರ್ ದೂರದ ಬಾರ್‌ಗೆ ಬಸ್ಸಲ್ಲಿ ಹೋಗಿ ಬರುತ್ತೇನೆ. ಡಾಕ್ಟರು ಎಎ ಮೀಟಿಂಗ್‌ಗೆ ಹೋಗಿ ಅಂದರು. ಎಲ್ಲಿ ಹುಡುಕಲಿ? ಮಕ್ಕಳ ತಂದೆ ತಾಯಿ ಯಾರಾದರೂ ಅಲ್ಲಿ ಸಿಕ್ಕರೆ ಮಾನ ಹೋಗುತ್ತದೆ. ಅಲ್ಲದೆ, ನನ್ನ ಹಾಗೇ ಕುಡಿದವರು ಕೂತು ನನಗೆ ಹೇಳಿಕೊಡುವುದಾದರೂ ಏನು?
(ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ)

ಉತ್ತರ: ಮೇಷ್ಟ್ರೇ, ಕುಡಿಯೋಕೆ ಮೂವತ್ತು ಕಿಲೋಮೀಟರ್ ಹೋಗುತ್ತಿದ್ದೀರಿ. ಮೀಟಿಂಗ್‌ಗೂ ಅಷ್ಟು ದೂರ ಹೋಗಿ ಬನ್ನಿ. ಸ್ವಂತ ಊರಿನ ಮೀಟಿಂಗ್‌ಗೇ ಹೋಗಬೇಕು ಅಂತ ಏನೂ ಇಲ್ಲ, ಪಕ್ಕದ ಜಿಲ್ಲೆಗೆ ಹೋಗಿ ಬರುವವರು ನನಗೇ ಗೊತ್ತಿದ್ದಾರೆ.

ಹುಡುಕೋಕೆ ಮೊದಲು ಎಎ ಇಂಡಿಯಾದ ವೆಬ್‌ಸೈಟ್ ನೋಡಿ, ಸಹಾಯವಾಣಿ ನಂಬರುಗಳೂ ಮೀಟಿಂಗ್ ವಿವರವೂ ಅಲ್ಲಿ ಸಿಗುತ್ತವೆ. ಮೊಬೈಲಿನಲ್ಲಿ ಹುಡುಕೋದು ಕಷ್ಟ ಅನ್ನಿಸಿದರೆ 14446ಕ್ಕೆ ಫೋನ್ ಮಾಡಿ, ಅದು ಕುಡಿತ ಮತ್ತು ಮಾದಕ ವಸ್ತುಗಳ ಚಟ ಬಿಡಿಸಲಿಕ್ಕೆ ಅಂತಲೇ ಕೇಂದ್ರ ಸರ್ಕಾರ ಇಟ್ಟಿರುವ ಉಚಿತ ನಂಬರ್. ಇನ್ನೊಂದು ದಾರಿ ಜಿಲ್ಲಾಸ್ಪತ್ರೆಯ ಮನೋವೈದ್ಯರು. ಚಟ ಬಿಡಿಸುವ ಡಿ-ಅಡಿಕ್ಷನ್ ವಾರ್ಡ್ ಇರುವ ಕಡೆ ಎಎ ಸದಸ್ಯರು ಬಂದು ರೋಗಿಗಳ ಜೊತೆ ಮಾತಾಡಿ ಹೋಗುವುದುಂಟು, ಹಾಗಾಗಿ ಯಾರದಾದರೂ ಒಂದು ನಂಬರ್ ಅವರ ಹತ್ತಿರ ಇರುವ ಸಾಧ್ಯತೆ ಜಾಸ್ತಿ.

ಒಂದು ಮಾತು. ವಿಳಾಸ ಸಿಕ್ಕಿತು ಅಂತ ಸುಮ್ನೆ ಹೊರಡಬೇಡಿ, ಮೊದಲು ಫೋನ್ ಮಾಡಿ. ಎಎಗೆ ಸ್ವಂತ ಕಟ್ಟಡ ಇರುವುದು ಕಡಿಮೆ. ಶಾಲೆಯ ಕೋಣೆಯಲ್ಲೋ ಚರ್ಚಿನ ಹಾಲ್‌ನಲ್ಲೋ ಸಮುದಾಯ ಭವನದಲ್ಲೋ ವಾರಕ್ಕೆ ಒಂದೆರಡು ಸಂಜೆ ಜಾಗ ಕೇಳಿ ನಡೆಸುತ್ತಾರೆ. ಪರೀಕ್ಷೆ ಬಂತು, ಹಬ್ಬ ಬಂತು ಅಂದರೆ ದಿನ ಬದಲಾಗುತ್ತದೆ. ನಾನು ಎರಡನೇ ಸಲ ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ಮುಕ್ಕಾಲು ಗಂಟೆ ನಿಂತೆ. ವಾಪಸ್ ಬರುವ ದಾರಿಯಲ್ಲಿ ವೈನ್ ಶಾಪ್ ತೆರೆದಿತ್ತು. ಅವತ್ತು ಏನಾಯಿತು ಅಂತ ನಿಮಗೆ ಹೇಳಬೇಕಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಫೋನಲ್ಲಿ ಜಾಸ್ತಿ ಮಾತಾಡಬೇಕಾಗಿಲ್ಲ. "ನನಗೆ ಕುಡಿತದ ತೊಂದರೆ ಇದೆ, ಮೀಟಿಂಗ್‌ಗೆ ಬರಬೇಕು" ಅಂದರೆ ಸಾಕು. ಆ ಕಡೆ ಫೋನ್ ಎತ್ತುವವರೂ ಒಂದು ಕಾಲದಲ್ಲಿ ಕುಡಿದವರೇ. ಮೂರು ವಿಷಯ ಕೇಳಿಕೊಳ್ಳಿ: ಇವತ್ತು ಮೀಟಿಂಗ್ ಇದೆಯಾ, ಕನ್ನಡದಲ್ಲಿ ನಡೆಯುತ್ತಾ, ಬಾಗಿಲು ಯಾವ ಕಡೆ? ಮೂರನೆಯದು ಸಣ್ಣ ವಿಷಯ ಅನ್ನಿಸಬಹುದು. ಆದರೆ ದೊಡ್ಡ ಕಾಂಪೌಂಡಿನ ಒಳಗೆ ಯಾವ ಕೋಣೆ ಅಂತ ಗೊತ್ತಾಗದೆ, ವಾಚ್‌ಮನ್ ಹತ್ತಿರ ಕೇಳೋಕೆ ನಾಚಿಕೆಯಾಗಿ ಮನೆಗೆ ತಿರುಗಿದವರು ತುಂಬಾ ಜನ. ಸಾಧ್ಯವಾದರೆ "ಗೇಟಿನ ಹತ್ತಿರ ಯಾರಾದರೂ ನಿಂತಿರ್ತೀರಾ?" ಅಂತ ಕೇಳಿ. ನಿಂತಿರುತ್ತಾರೆ.

ಒಳಗೆ ಏನು ನಡೆಯುತ್ತದೆ? ನಾನು ಹೋದ ಮೊದಲ ಮೀಟಿಂಗ್ ಒಂದು ಪ್ರೈಮರಿ ಶಾಲೆಯ ಎರಡನೇ ಕ್ಲಾಸಿನಲ್ಲಿತ್ತು. ಪುಟ್ಟ ಬೆಂಚು, ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು. ಬೋರ್ಡಿನ ಮೇಲೆ ಮಕ್ಕಳಿಗೆ ಬರೆದ ಒತ್ತಕ್ಷರ ಹಾಗೇ ಇತ್ತು. ಹನ್ನೊಂದು ಜನ ಇದ್ದರು, ಸ್ಟೀಲ್ ಫ್ಲಾಸ್ಕಿನಲ್ಲಿ ಟೀ, ಒಂದು ತಟ್ಟೆಯಲ್ಲಿ ಬಿಸ್ಕೆಟ್. ನನ್ನ ಕೈ ಎಷ್ಟು ನಡುಗುತ್ತಿತ್ತು ಅಂದರೆ ಪಕ್ಕದವರು ಏನೂ ಮಾತಾಡದೆ ಅರ್ಧ ಲೋಟ ಮಾತ್ರ ಟೀ ಬಗ್ಗಿಸಿ ಕೊಟ್ಟರು. ಪೂರ್ತಿ ತುಂಬಿಸಿದ್ದರೆ ಚೆಲ್ಲುತ್ತಿತ್ತು. ಅವರಿಗೆ ಅದು ಗೊತ್ತಿತ್ತು. ಆ ಅರ್ಧ ಲೋಟ ನೋಡಿ ನನಗೆ ಅಳು ಬಂತು.

ಶುರುವಿನಲ್ಲಿ ಎಎ ಅಂದರೇನು ಅಂತ ಒಬ್ಬರು ಓದುತ್ತಾರೆ, ಒಂದು ಚಿಕ್ಕ ಪ್ರಾರ್ಥನೆ ಇರುತ್ತದೆ. ಆಮೇಲೆ ಒಬ್ಬೊಬ್ಬರಾಗಿ "ನನ್ನ ಹೆಸರು ಇಂಥದ್ದು, ನಾನೊಬ್ಬ ಆಲ್ಕೋಹಾಲಿಕ್" ಅಂತ ಹೇಳಿ ತಮ್ಮ ಕಥೆ ಹೇಳುತ್ತಾರೆ. ಇದಕ್ಕೆ ಶೇರಿಂಗ್ ಅನ್ನುತ್ತಾರೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವುದಿಲ್ಲ, ಹೀಗೆ ಮಾಡು ಹಾಗೆ ಮಾಡು ಅಂತ ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ "ಇವತ್ತು ಕೇಳ್ತೀನಿ ಅಷ್ಟೇ" ಅಂದರೂ ಆಯಿತು. ಒಂದು, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಫೀಸ್ ಇಲ್ಲ. ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ, ಟೀ ಮತ್ತು ಬಾಡಿಗೆಗೆ ಅಂತ ಸದಸ್ಯರು ಹತ್ತು ಇಪ್ಪತ್ತು ಹಾಕುತ್ತಾರೆ. ಹೊಸಬರು ಹಾಕಬೇಕಾಗಿಲ್ಲ. ಸದಸ್ಯರಾಗಲು ಇರುವುದು ಒಂದೇ ಶರತ್ತು, ಕುಡಿತ ನಿಲ್ಲಿಸಬೇಕು ಅನ್ನುವ ಆಸೆ. ನಿಲ್ಲಿಸಿರಲೇಬೇಕು ಅಂತಿಲ್ಲ.

ಮುಗಿದ ತಕ್ಷಣ ಬಸ್ಸಿಗೆ ಓಡಬೇಡಿ. ಮೀಟಿಂಗ್ ಆದ ಮೇಲಿನ ಹತ್ತು ನಿಮಿಷ ತುಂಬಾ ಮುಖ್ಯ. ಎರಡು ಮೂರು ಜನರ ಫೋನ್ ನಂಬರ್ ತೆಗೆದುಕೊಳ್ಳಿ. ಕುಡಿಯಬೇಕು ಅನ್ನಿಸಿದಾಗ ಮೊದಲ ಗ್ಲಾಸಿಗಿಂತ ಮುಂಚೆ ಮಾಡುವ ಫೋನ್ ಇದೆಯಲ್ಲ, ಅದೇ ಅರ್ಧ ಔಷಧಿ.

ಮಾನದ ವಿಷಯಕ್ಕೆ ಬರೋಣ. ಅಲ್ಲಿ ಕೇಳಿದ್ದು, ನೋಡಿದ್ದು ಅಲ್ಲೇ ಬಿಟ್ಟು ಬರಬೇಕು ಅನ್ನುವುದು ಎಎಯಲ್ಲಿ ಮೊದಲಿಂದ ಬಂದ ರೂಢಿ. ಹಾಜರಿ ಪುಸ್ತಕ ಇಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. "ಕ್ಲೋಸ್ಡ್ ಮೀಟಿಂಗ್" ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ, "ಓಪನ್ ಮೀಟಿಂಗ್" ಅಂದರೆ ಮನೆಯವರು, ಬೇರೆಯವರೂ ಬರಬಹುದು. ನಿಮಗೆ ಭಯ ಇದ್ದರೆ ಕ್ಲೋಸ್ಡ್ ಯಾವತ್ತು ಅಂತ ಕೇಳಿಕೊಂಡು ಹೋಗಿ. ನಿಮ್ಮ ಶಾಲೆಯ ಮಗುವಿನ ಅಪ್ಪ ಅಲ್ಲಿ ಸಿಕ್ಕರೆ, ಅವರೂ ನಿಮ್ಮ ಹಾಗೇ ಎದೆ ಡವಗುಟ್ಟುತ್ತಾ ಬಂದವರೇ ಆಗಿರುತ್ತಾರೆ.

ಕುಡಿದವರು ಏನು ಹೇಳಿಕೊಡುತ್ತಾರೆ ಅನ್ನುವ ನಿಮ್ಮ ಅನುಮಾನ ಸಹಜ. ಅದಕ್ಕೆ ಎಎ ಹುಟ್ಟಿದ ಕಥೆಯೇ ಉತ್ತರ. 1935ರ ಮೇ ತಿಂಗಳು, ಅಮೆರಿಕದ ಓಹಾಯೋದ ಆ್ಯಕ್ರನ್ ಅನ್ನುವ ಊರು. ವ್ಯವಹಾರ ಕೈಕೊಟ್ಟು ಹೋಟೆಲಿನಲ್ಲಿ ಒಬ್ಬನೇ ಉಳಿದಿದ್ದ ಬಿಲ್ ಅನ್ನುವವನಿಗೆ ಲಾಬಿಯ ಆ ಕಡೆಯ ಬಾರಿನಿಂದ ನಗು ಕೇಳಿಸುತ್ತಿತ್ತು. ಅವನು ಕುಡಿತ ಬಿಟ್ಟು ಸುಮಾರು ಐದು ತಿಂಗಳಾಗಿತ್ತು. ಆ ಸಂಜೆ ಅವನಿಗೆ ಬೇಕು ಅನ್ನಿಸಿದ್ದು ಡಾಕ್ಟರೂ ಅಲ್ಲ, ಪಾದ್ರಿಯೂ ಅಲ್ಲ, ಇನ್ನೊಬ್ಬ ಕುಡುಕ. ಚರ್ಚುಗಳ ಪಟ್ಟಿ ಹಿಡಿದು ಒಂದೊಂದಾಗಿ ಫೋನ್ ಮಾಡಿದ. ಕೊನೆಗೆ ಸಿಕ್ಕಿದ್ದು ಡಾಕ್ಟರ್ ಬಾಬ್ ಅನ್ನುವ ಸರ್ಜನ್, ಅವರೂ ಕುಡಿತದಲ್ಲಿ ಮುಳುಗಿದವರೇ. ಹದಿನೈದು ನಿಮಿಷ ಮಾತ್ರ ಅಂತ ಬಂದ ಬಾಬ್ ಗಂಟೆಗಟ್ಟಲೆ ಕೂತರು. ಬಿಲ್ ಬುದ್ಧಿ ಹೇಳಲಿಲ್ಲ, ತನ್ನ ಕಥೆ ಹೇಳಿದ. ಬಾಬ್ ಕೊನೆಯ ಗ್ಲಾಸ್ ಬಿಟ್ಟ ಜೂನ್ 10, 1935 ಎಎ ಹುಟ್ಟಿದ ದಿನ ಅಂತ ಇಂದಿಗೂ ಎಣಿಸುತ್ತಾರೆ. ನೀವು ಹೋಗುವ ಕೋಣೆಯಲ್ಲಿ ನಡೆಯುವುದೂ ಇದೇ. ಬರೀ ನಂಬಿಕೆಯ ಮಾತು ಅನ್ನಿಸದಿರಲಿ: 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯಲ್ಲಿ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರವನ್ನು ಒಟ್ಟಿಗೆ ನೋಡಿದಾಗ, ಪೂರ್ತಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ ಎಎ ಮತ್ತು ಎಎ ಕಡೆಗೆ ಕರೆದೊಯ್ಯುವ ಚಿಕಿತ್ಸೆ ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಕಡಿಮೆಯಿಲ್ಲ, ಎಷ್ಟೋ ಸಲ ಅವಕ್ಕಿಂತ ಮೇಲು ಅಂತ ಕಂಡುಬಂತು.

ನೀವು ದಿನಾ ಕುಡಿಯುವವರಾದ್ದರಿಂದ ಮುಂದಿನ ಉತ್ತರವನ್ನೂ ದಯವಿಟ್ಟು ಓದಿ.

ಪ್ರಶ್ನೆ: ಅಪ್ಪ ಮೊನ್ನೆ ದೇವರ ಮೇಲೆ ಆಣೆ ಇಟ್ಟು ಕುಡಿಯುವುದನ್ನು ಒಂದೇ ಸಲಕ್ಕೆ ನಿಲ್ಲಿಸಿದರು. ಮಾರನೇ ದಿನ ಮೈಯೆಲ್ಲ ಬೆವರು, ಕೈ ನಡುಕ. ನಿನ್ನೆ ರಾತ್ರಿ ಗೋಡೆ ಮೇಲೆ ಹುಳ ಹರಿದಾಡುತ್ತಿವೆ ಅಂತ ಕೂಗಿದರು. ಮೀಟಿಂಗ್‌ಗೆ ಕರೆದುಕೊಂಡು ಹೋಗಲಾ?
(ತುಮಕೂರು)

ಉತ್ತರ: ಮೀಟಿಂಗ್ ಅಲ್ಲಪ್ಪ, ಆಸ್ಪತ್ರೆ. ಈ ಪತ್ರಕ್ಕೆ ಅವತ್ತೇ ಫೋನಲ್ಲಿ ಉತ್ತರ ಕೊಟ್ಟಿದ್ದೇವೆ. ಬೇರೆಯವರಿಗೂ ತಿಳಿಯಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ವರ್ಷಗಟ್ಟಲೆ ದಿನಾ ಕುಡಿದ ದೇಹಕ್ಕೆ ಏಕಾಏಕಿ ಹೆಂಡ ನಿಂತರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸುವುದು, ತಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗದಿರುವುದು. ಇದರಿಂದ ಪ್ರಾಣ ಹೋಗುತ್ತದೆ. ದೆವ್ವ ಮೆಟ್ಟಿದೆ ಅಂತ ತಾಯತ ಕಟ್ಟಿಸಲು ಹೋಗಿ ಆ ಎರಡು ದಿನ ಕಳೆದುಕೊಂಡ ಮನೆ ನಾನು ನೋಡಿದ್ದೇನೆ.

ಆಸ್ಪತ್ರೆಯಲ್ಲಿ ನಡುಕಕ್ಕೆ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ಕೆಲವು ದಿನ ನೋಡಿಕೊಳ್ಳುತ್ತಾರೆ. ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಯಾವಾಗ ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ಜಿಲ್ಲಾಸ್ಪತ್ರೆಗಳಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ಇದೆ. ದೇಹ ಒಂದು ಹದಕ್ಕೆ ಬಂದ ಮೇಲೆ ಮೀಟಿಂಗ್. ಎರಡೂ ಬೇಕು.

ಪ್ರಶ್ನೆ: ಯಜಮಾನರು ಎಷ್ಟು ಹೇಳಿದರೂ ಮೀಟಿಂಗ್‌ಗೆ ಹೋಗಲು ಒಪ್ಪುತ್ತಿಲ್ಲ. ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡುವ ಪುಡಿ ಇದೆಯಂತೆ, ತರಿಸಲಾ? ಅವರು ಹೋಗದಿದ್ದರೆ ನಾನಾದರೂ ಹೋಗಬಹುದಾ?
(ಹೆಸರು ಬೇಡ, ಮಂಡ್ಯ)

ಉತ್ತರ: ಅಕ್ಕಾ, ಆ ಪುಡಿ ತರಿಸಬೇಡಿ. ಅದರಲ್ಲಿ ಏನಿದೆ ಅಂತ ಮಾರುವವರು ಹೇಳುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ ನಿಜ, ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಗೊತ್ತಿಲ್ಲದೆ ಮಾತ್ರೆ ಹೊಟ್ಟೆಗೆ ಹೋಗಿ ಮೇಲೆ ಕ್ವಾರ್ಟರ್ ಬಿದ್ದರೆ ಹೃದಯವೇ ನಿಲ್ಲಬಹುದು. ಅದಕ್ಕೇ ಡಾಕ್ಟರುಗಳು ಲಿವರ್ ಪರೀಕ್ಷೆ ಮಾಡಿಸಿ, ರೋಗಿಯ ಒಪ್ಪಿಗೆ ತೆಗೆದುಕೊಂಡೇ ಕೊಡುತ್ತಾರೆ.

ನಿಮ್ಮ ಎರಡನೇ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ಖಂಡಿತ ಹೋಗಿ, ಅವರಿಗೆ ಕಾಯಬೇಡಿ. ಕುಡಿಯುವವರ ಮನೆಯವರಿಗೆ ಅಂತಲೇ ಅಲ್-ಅನಾನ್ ಎಂಬ ಬೇರೆ ಗುಂಪಿದೆ, 1951ರಲ್ಲಿ ಅದನ್ನು ಶುರು ಮಾಡಿದವರಲ್ಲಿ ಮೇಲೆ ಹೇಳಿದ ಬಿಲ್ ಅವರ ಹೆಂಡತಿ ಲೋಯಿಸ್ ಒಬ್ಬರು. ಅಲ್ಲಿ ಗಂಡನನ್ನು ಬಿಡಿಸುವ ಉಪಾಯ ಹೇಳಿಕೊಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಗೇಟಿನ ಸದ್ದಿಗೆ ಕಿವಿಗೊಟ್ಟು ಕೂರುವುದು, ಜೇಬು ತಡಕುವುದು, ಬಾಟಲಿ ಹುಡುಕಿ ಸಿಂಕಿಗೆ ಸುರಿಯುವುದು, ಆಫೀಸಿಗೆ ಫೋನ್ ಮಾಡಿ "ಅವರಿಗೆ ಜ್ವರ" ಅಂತ ಸುಳ್ಳು ಹೇಳುವುದು, ಇದರಲ್ಲೇ ಸವೆದು ಹೋದ ನಿಮ್ಮ ಜೀವಕ್ಕೆ ಸ್ವಲ್ಪ ಉಸಿರು ಸಿಗುತ್ತದೆ. ಗಂಡನ ಪರವಾಗಿ ಸುಳ್ಳು ಹೇಳುವುದನ್ನು ನಿಲ್ಲಿಸುವ ಧೈರ್ಯ ಅಲ್ಲಿಂದ ಪಡೆದವರು ಎಷ್ಟೋ ಜನ. ನಿಮ್ಮ ಯಜಮಾನರು ಕೈ ಎತ್ತುವವರಾದರೆ ಅದು ಬೇರೆ ವಿಷಯ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ತವರಿನವರಿಗೆ ತಿಳಿಸಿ, ಮೊದಲು ನೀವು ಮತ್ತು ಮಕ್ಕಳು ಸುರಕ್ಷಿತವಾಗಿರಿ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ, ಹೆಣ್ಣುಮಗಳು, 34. ಮನೆಯಲ್ಲಿ ಒಬ್ಬಳೇ ಕುಡಿಯುತ್ತೇನೆ. ಮೀಟಿಂಗ್ ಅಂದರೆ ಬರೀ ಗಂಡಸರೇ ಇರುತ್ತಾರಾ?
(ಬೆಂಗಳೂರು)

ಉತ್ತರ: ಜಾಸ್ತಿ ಗಂಡಸರೇ, ಸುಳ್ಳು ಹೇಳುವುದಿಲ್ಲ. ಆದರೆ ಹೆಣ್ಣುಮಕ್ಕಳು ಇಲ್ಲವೇ ಇಲ್ಲ ಅನ್ನುವುದು ತಪ್ಪು. ಸಹಾಯವಾಣಿಗೆ ಫೋನ್ ಮಾಡಿದಾಗ "ಮಹಿಳಾ ಸದಸ್ಯರ ಜೊತೆ ಮಾತಾಡಬೇಕು" ಅಂತ ನೇರವಾಗಿ ಕೇಳಿ, ನಂಬರ್ ಕೊಡಿಸುತ್ತಾರೆ. ಹೆಂಗಸರಿಗೇ ಅಂತ ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಕೋವಿಡ್ ಕಾಲದಲ್ಲಿ ಝೂಮ್ ಮೇಲೆ ಶುರುವಾದವು ಎಷ್ಟೋ ಹಾಗೇ ಉಳಿದಿವೆ. ಕ್ಯಾಮೆರಾ ಆಫ್ ಮಾಡಿ, ಹೆಸರಿನ ಜಾಗದಲ್ಲಿ ಒಂದು ಅಕ್ಷರ ಹಾಕಿ ಕೂರಬಹುದು.

ಆದರೆ ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಒಬ್ಬರೇ ಕುಡಿಯುವವರು ಒಬ್ಬರೇ ಲ್ಯಾಪ್‌ಟಾಪ್ ಮುಂದೆ ಕೂತು ಕೇಳಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಶುರು ಆನ್‌ಲೈನಿನಲ್ಲಿ ಆಗಲಿ. ಒಬ್ಬ ಸದಸ್ಯೆಯ ಪರಿಚಯವಾದ ಮೇಲೆ ಅವರ ಜೊತೆ ಒಂದು ಸಂಜೆ ಕೋಣೆಗೆ ಹೋಗಿ ಕೂತು ಬನ್ನಿ. ದಾರಿ ತೋರಿಸುವ ಹಳೇ ಸದಸ್ಯರಿಗೆ ಸ್ಪಾನ್ಸರ್ ಅನ್ನುತ್ತೇವೆ. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಸ್ಪಾನ್ಸರ್ ಆಗಿರುವುದು ಒಳ್ಳೆಯದು. ಹೊಸದಾಗಿ ಬಂದವರಿಗೆ ಸಹಾಯ ಮಾಡುವ ನೆಪದಲ್ಲಿ ಗಂಡಸರು ಯಾರಾದರೂ ರಾತ್ರಿ ಮೆಸೇಜ್ ಮಾಡಲು ಶುರು ಮಾಡಿದರೆ, ಮುಲಾಜಿಲ್ಲದೆ ಗುಂಪಿನ ಹಿರಿಯರಿಗೆ ಹೇಳಿ.

ಪ್ರಶ್ನೆ: ನಾವು ದೇವರನ್ನು ನಂಬುವವರಲ್ಲ. ಅಲ್ಲಿ ಪ್ರಾರ್ಥನೆ ಮಾಡಿಸುತ್ತಾರಂತೆ, ಚರ್ಚಿನಲ್ಲೇ ನಡೆಯುತ್ತದಂತೆ. ಮತಾಂತರದ ಕೆಲಸವಾ?
(ಶಿವಮೊಗ್ಗ)

ಉತ್ತರ: ಅಲ್ಲ. ಚರ್ಚಿನವರು ಹಾಲ್ ಕೊಡುತ್ತಾರೆ ಅಷ್ಟೇ. ಎಎ ಯಾವ ಧರ್ಮಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ಕುಡಿತದಿಂದ ಹೊರಬರಲು ಎಎ ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತಿದೆ, ಆದರೆ ಜೊತೆಗೇ "ನಾವು ಅರಿತ ಹಾಗೆ" ಅನ್ನುವ ಮಾತೂ ಇದೆ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಅದು ಮಂಜುನಾಥ, ಒಬ್ಬರಿಗೆ ಅಲ್ಲಾಹ್, ಇನ್ನೊಬ್ಬರು ಪಕ್ಕಾ ನಾಸ್ತಿಕರು, "ನನಗಿಂತ ದೊಡ್ಡದು ಅಂದರೆ ಈ ಗುಂಪು" ಅನ್ನುತ್ತಾರೆ. ಪ್ರಾರ್ಥನೆ ಹೊತ್ತಿಗೆ ಸುಮ್ನೆ ನಿಂತಿದ್ದರೆ ಯಾರೂ ಏನೂ ಅನ್ನುವುದಿಲ್ಲ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ, ಕುಡಿತ ಜಾಸ್ತಿಯಾಗಿದೆ ಅಂತ ಸೊಸೆ ಅಳುತ್ತಾಳೆ. ಇಲ್ಲಿಂದ ನಾವೇನು ಮಾಡಬಹುದು?
(ಮೈಸೂರು)

ಉತ್ತರ: ಅಮ್ಮಾ, ಅದು ಎಎ ಹುಟ್ಟಿದ ದೇಶ. ಸಣ್ಣ ಊರಲ್ಲೂ ಮೀಟಿಂಗ್ ಸಿಗುತ್ತದೆ. ಎಎಯವರದ್ದೇ 'ಮೀಟಿಂಗ್ ಗೈಡ್' ಅನ್ನುವ ಉಚಿತ ಆ್ಯಪ್ ಇದೆ, ಹತ್ತಿರದ ಮೀಟಿಂಗ್ ಎಲ್ಲಿ, ಎಷ್ಟು ಗಂಟೆಗೆ ಅಂತ ತೋರಿಸುತ್ತದೆ. ಸೊಸೆಗೆ ಅಲ್ಲಿಯ ಅಲ್-ಅನಾನ್ ವಿಷಯ ಹೇಳಿ. ನೀವು ಫೋನಲ್ಲಿ ಅವನಿಗೆ ಬೈಯುವುದನ್ನು ಬಿಟ್ಟು, ಬೆಳಗಿನ ಹೊತ್ತು, ಅವನು ಕುಡಿಯದಿರುವಾಗ, "ನಿನ್ನ ಬಗ್ಗೆ ಭಯವಾಗ್ತಿದೆ ಮಗಾ" ಅಂತ ಒಂದೇ ಮಾತು ಹೇಳಿ ಇಟ್ಟುಬಿಡಿ.

ಪ್ರಶ್ನೆ: ಧರ್ಮಸ್ಥಳ ಸಂಘದವರ ಮದ್ಯವರ್ಜನ ಶಿಬಿರಕ್ಕೆ ಹೋಗಿದ್ದೆ. ಎಂಟು ದಿನ ಇದ್ದು ಬಂದು ನಾಲ್ಕು ತಿಂಗಳು ಮುಟ್ಟಲಿಲ್ಲ. ಅಣ್ಣನ ಮಗಳ ಮದುವೆಯಲ್ಲಿ ಒಂದು ನೈಂಟಿ ಹಾಕಿದವನು ಮತ್ತೆ ಮೊದಲಿನ ಹಾಗೇ ಆಗಿದ್ದೇನೆ. ಶಿಬಿರದವರಿಗೆ ಮುಖ ತೋರಿಸಲು ಆಗುತ್ತಿಲ್ಲ. ಎಲ್ಲ ವ್ಯರ್ಥ ಆಯಿತಲ್ವಾ?
(ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಅಣ್ಣಾ, ನಾಲ್ಕು ತಿಂಗಳು ಅಂದರೆ ನೂರಿಪ್ಪತ್ತು ಬೆಳಗ್ಗೆ ನೀವು ಕೈ ನಡುಗದೆ ಎದ್ದಿದ್ದೀರಿ. ಅದು ವ್ಯರ್ಥ ಹೇಗಾಗುತ್ತದೆ? ನಾನು ಏಳನೇ ತಿಂಗಳಲ್ಲಿ ಜಾರಿದವನು. ಮೂರು ವಾರ ಯಾರ ಫೋನೂ ಎತ್ತಲಿಲ್ಲ. ಕೊನೆಗೆ ಒಂದು ಸಂಜೆ ಹೋದಾಗ ಬಾಗಿಲಲ್ಲೇ ನಿಂತುಬಿಟ್ಟೆ, ಕಾಲು ಒಳಗೆ ಬರಲಿಲ್ಲ. ಅವತ್ತು ಅರ್ಧ ಲೋಟ ಟೀ ಕೊಟ್ಟಿದ್ದರಲ್ಲ, ಅವರೇ ಎದ್ದು ಬಂದು ಬೆಂಚಿನಲ್ಲಿ ಜಾಗ ಮಾಡಿದರು. "ಬಂದ್ಯಲ್ಲ, ಕೂತ್ಕೋ" ಅಂದರು. ಎಲ್ಲಿ ಹೋಗಿದ್ದೆ ಅಂತ ಯಾರೂ ಕೇಳಲಿಲ್ಲ. ಜಾರಿದವರನ್ನು ನೋಡಿ ನಗುವವರು ಹೊರಗಿನವರು, ಒಳಗಿರುವವರಲ್ಲಿ ಎಷ್ಟೋ ಜನ ಒಮ್ಮೆಯಾದರೂ ಜಾರಿ ಎದ್ದವರೇ.

ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಗುಂಪು ಮಾಡಿರುತ್ತಾರಲ್ಲ, ನೀವು ಅದಕ್ಕೆ ಹೋಗುತ್ತಿದ್ದಿರಾ? ಪತ್ರದಲ್ಲಿ ಬರೆದಿಲ್ಲ. ಶಿಬಿರ ಎಂಟು ದಿನದ್ದು, ಸಮಿತಿ ಮುಂದಿನ ವರ್ಷಗಳದ್ದು. ಜಾರುವವರು ಬಹುಪಾಲು ಶಿಬಿರದಲ್ಲಿ ಎಡವಿದವರಲ್ಲ, ಆಮೇಲೆ ಗುಂಪಿಗೆ ಹೋಗುವುದನ್ನು ಬಿಟ್ಟವರು. ನಿಮ್ಮ ಊರಿನ ಸಂಘದ ಮೇಲ್ವಿಚಾರಕರಿಗೆ ಫೋನ್ ಮಾಡಿ "ಮತ್ತೆ ಶುರುವಾಗಿದೆ, ಸಭೆ ಯಾವತ್ತು?" ಅಂತ ಕೇಳಿ. ಹತ್ತಿರದಲ್ಲಿ ಎಎ ಮೀಟಿಂಗ್ ಇದ್ದರೆ ಅದಕ್ಕೂ ಹೋಗಿ, ಎರಡಕ್ಕೂ ಹೋಗಬಾರದು ಅಂತ ಯಾರೂ ಹೇಳಿಲ್ಲ. ಈಗ ಮತ್ತೆ ದಿನಾ ಕುಡಿಯುತ್ತಿದ್ದರೆ ನಿಲ್ಲಿಸುವ ಮುಂಚೆ ಡಾಕ್ಟರನ್ನು ನೋಡಿ, ತುಮಕೂರಿನ ಹುಡುಗನಿಗೆ ಹೇಳಿದ್ದು ನಿಮಗೂ ಅನ್ವಯಿಸುತ್ತದೆ.

ಮದುವೆ, ತಿಥಿ, ಜಾತ್ರೆ ಇದ್ದ ದಿನ ಹೊರಡುವ ಮುಂಚೆ ಗುಂಪಿನ ಒಬ್ಬರಿಗೆ ಫೋನ್ ಮಾಡಿ, ಬಂದ ಮೇಲೆ ಇನ್ನೊಮ್ಮೆ ಮಾಡಿ. ಹೊಟ್ಟೆ ಹಸಿದಾಗ, ಸಿಟ್ಟು ಬಂದಾಗ, ಒಂಟಿ ಅನ್ನಿಸಿದಾಗ, ಸುಸ್ತಾದಾಗ ಕುಡಿಯುವ ಆಸೆ ಜೋರಾಗುತ್ತದೆ ಅಂತ ನಮ್ಮಲ್ಲಿ ಹೊಸಬರಿಗೆಲ್ಲ ಹೇಳುತ್ತೇವೆ. ಸಭೆಯ ದಿನ ಸಂಜೆ ಹೊಟ್ಟೆ ತುಂಬಾ ಊಟ ಮಾಡಿ, ಬಾರ್ ಇಲ್ಲದ ದಾರಿಯಲ್ಲಿ ಹೋಗಿ, ಹಿಂದಿನ ಬೆಂಚಿನಲ್ಲಾದರೂ ಸರಿ ಕೂತು ಬನ್ನಿ. ಆಮೇಲೆ ನನಗೊಂದು ಕಾಗದ ಹಾಕಿ.